ಕಡಿಮೆ ಖರ್ಚಿನಲ್ಲಿ ಸ್ಕೈಡೈವಿಂಗ್ ಕಲಿಯಲು ಹೊರಟವರಿಗೆ

"ಸ್ಕೈಡೈವಿಂಗ್ ಕಲಿಯುವ ಆಸೆ ಇದೆ, ಆದರೆ ಕೈಯಲ್ಲಿ ಹೆಚ್ಚು ಹಣವಿಲ್ಲ. ಎಲ್ಲಿಂದ ಶುರು ಮಾಡಲಿ?" ನನಗೆ ಇದರಷ್ಟು ಸಲ ಬರುವ ಪ್ರಶ್ನೆ ಇನ್ನೊಂದಿಲ್ಲ. ಒಬ್ಬೊಬ್ಬರಿಗೂ ತುಂಡುತುಂಡಾಗಿ ಉತ್ತರಿಸುವುದಕ್ಕಿಂತ, ಆರಂಭದಿಂದ ಮೊದಲ ಪರವಾನಗಿಯವರೆಗಿನ ದಾರಿಯನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದು ಅಗ್ಗದ ಹವ್ಯಾಸವಲ್ಲ. ವಿಮಾನ, ಇಂಧನ, ಪೈಲಟ್, ತರಬೇತುದಾರ, ಪ್ಯಾರಾಚೂಟ್ ಎಲ್ಲದರ ವೆಚ್ಚವೂ ಪ್ರತಿ ಜಿಗಿತದಲ್ಲಿ ಸೇರಿರುತ್ತದೆ. ಆದರೂ ಹೊಸಬರ ಹಣ ಹೆಚ್ಚಾಗಿ ಸೋರಿಹೋಗುವುದು ದುಬಾರಿ ದರದಿಂದಲ್ಲ. ಅರ್ಧ ಕಲಿತು, ಹಣ ಮುಗಿದು, ಮೂರು ತಿಂಗಳು ಬಿಟ್ಟು, ಮತ್ತೆ ಬಂದು ಕಲಿತದ್ದನ್ನೇ ಕಲಿಯುವುದರಿಂದ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

1. ನಿಮಗೆ ಬೇಕಿರುವುದು ಒಂದು ಜಿಗಿತವೇ, ಕಲಿಕೆಯೇ?

ತರಬೇತುದಾರರ ಎದೆಗೆ ನಿಮ್ಮನ್ನು ಬಿಗಿದುಕೊಂಡು, ದೊಡ್ಡದೊಂದು ಪ್ಯಾರಾಚೂಟಿನಲ್ಲಿ ಇಬ್ಬರೂ ಇಳಿಯುವುದಕ್ಕೆ ಟ್ಯಾಂಡೆಮ್ ಜಿಗಿತ ಎನ್ನುತ್ತಾರೆ. ಅರ್ಧ ಗಂಟೆಯ ವಿವರಣೆ ಕೇಳಿದರೆ ಸಾಕು, ಉಳಿದ ಜವಾಬ್ದಾರಿ ಅವರದು. ಬದುಕಿನಲ್ಲಿ ಒಮ್ಮೆ ಆಕಾಶದಿಂದ ಜಿಗಿಯಬೇಕೆಂಬುದಷ್ಟೇ ನಿಮ್ಮ ಆಸೆಯಾಗಿದ್ದರೆ ಇದನ್ನು ಮಾಡಿ, ಸಂತೋಷಪಡಿ. ಉಳಿದ ಹಂತಗಳ ಅಗತ್ಯ ನಿಮಗಿಲ್ಲ.

ಕಲಿಯುವವರಿಗೂ ಒಂದು ಟ್ಯಾಂಡೆಮ್ ಉಪಯುಕ್ತ. ಬಾಗಿಲು ತೆರೆದಾಗ ನುಗ್ಗುವ ಗಾಳಿ, ಆ ಸದ್ದು, ನೆಲ ಅಷ್ಟು ದೂರದಲ್ಲಿ ಕಾಣುವ ಬಗೆ ಇವೆಲ್ಲ ನಿಮಗೆ ಒಗ್ಗುತ್ತವೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಹಲವು ಕೇಂದ್ರಗಳು ಇದನ್ನು ತರಬೇತಿಯ ಮೊದಲ ಹಂತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹಣ ಕಟ್ಟುವ ಮೊದಲೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಫೋಟೊ, ವಿಡಿಯೊ ಬೇಡವೆಂದರೆ ಗಣನೀಯ ಮೊತ್ತ ಉಳಿಯುತ್ತದೆ. ಎರಡನೆಯ, ಮೂರನೆಯ ಟ್ಯಾಂಡೆಮ್‌ಗೆ ಮಾತ್ರ ಹೋಗಬೇಡಿ. ಪರವಾನಗಿ ಪಡೆದವರು ಅದೇ ಹಣದಲ್ಲಿ ಹಲವು ಬಾರಿ ಜಿಗಿಯುತ್ತಾರೆ.

2. ದೇಹವನ್ನು ನೋಡಿಕೊಳ್ಳಿ

ಹೃದಯ, ಬೆನ್ನುಮೂಳೆ, ಭುಜ, ಮಂಡಿ ಇವುಗಳಲ್ಲಿ ಹಳೆಯ ತೊಂದರೆ ಇದ್ದರೆ, ಮೂರ್ಛೆರೋಗವಿದ್ದರೆ, ಮೊದಲು ವೈದ್ಯರನ್ನು ಕಾಣಿ. ಭುಜದ ಕೀಲು ತಪ್ಪಿದ ಅನುಭವವಿರುವವರು ಅದನ್ನು ಮುಚ್ಚಿಡಲೇಬಾರದು. ಗಾಳಿಯ ರಭಸದಲ್ಲಿ ಕೈ ಮತ್ತೆ ಕೀಲು ತಪ್ಪಿದರೆ ಪ್ಯಾರಾಚೂಟಿನ ಹಿಡಿಯನ್ನು ಎಳೆಯುವುದೇ ಕಷ್ಟವಾಗುತ್ತದೆ. ಶೀತವಾಗಿ ಮೂಗು ಕಟ್ಟಿದ್ದರೆ ಆ ದಿನ ಬಿಡಿ, ಇಳಿಯುವಾಗ ಏರುವ ಒತ್ತಡಕ್ಕೆ ಕಿವಿ ತಾಳುವುದಿಲ್ಲ. ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆಯಾದರೂ ಕಳೆಯಲಿ. ಪ್ರತಿ ಕೇಂದ್ರಕ್ಕೂ ಅದರದೇ ತೂಕದ ಮಿತಿ ಇರುತ್ತದೆ. ಫೋನಿನಲ್ಲೇ ಕೇಳಿದರೆ ಪ್ರಯಾಣದ ಖರ್ಚು ವ್ಯರ್ಥವಾಗುವುದಿಲ್ಲ.

3. ಕಲಿಕೆಯ ದಾರಿಯನ್ನು ಆರಿಸಿಕೊಳ್ಳಿ

ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಎಎಫ್ಎಫ್. ಮೊದಲ ತರಬೇತಿ ಜಿಗಿತದಿಂದಲೇ ಪೂರ್ಣ ಎತ್ತರದ ಮುಕ್ತಪತನ ಕಲಿಸುವ ಪದ್ಧತಿ ಇದು. ಪ್ಯಾರಾಚೂಟ್ ತೆರೆಯುವ ಮುನ್ನ ಗಾಳಿಯಲ್ಲಿ ಬೀಳುವ ಅವಧಿಯೇ ಮುಕ್ತಪತನ. ಸಾಮಾನ್ಯವಾಗಿ 10,000ದಿಂದ 14,000 ಅಡಿ ಎತ್ತರದಲ್ಲಿ ವಿಮಾನದಿಂದ ಹೊರಬೀಳುತ್ತೀರಿ. ಆರಂಭದ ಹಂತಗಳಲ್ಲಿ ಇಬ್ಬರು ತರಬೇತುದಾರರು ಎರಡೂ ಬದಿಯಲ್ಲಿ ನಿಮ್ಮನ್ನು ಹಿಡಿದಿರುತ್ತಾರೆ, ಆಮೇಲೆ ಒಬ್ಬರು. ಏಳೆಂಟು ಹಂತಗಳನ್ನು ದಾಟಿದ ಮೇಲೆ ಮುಕ್ತಪತನದಲ್ಲಿ ನೀವೊಬ್ಬರೇ. ಕಲಿಕೆ ವೇಗವಾಗಿ ಸಾಗುತ್ತದೆ. ಆದರೆ ತರಬೇತುದಾರರ ಜಿಗಿತದ ಹಣವನ್ನೂ ನೀವೇ ಭರಿಸುವುದರಿಂದ ಒಂದೊಂದು ಹಂತವೂ ದುಬಾರಿ.

ಎರಡನೆಯದು ಸ್ಟ್ಯಾಟಿಕ್ ಲೈನ್. ಪ್ಯಾರಾಚೂಟನ್ನು ತೆರೆಯುವ ಪಟ್ಟಿಯ ಇನ್ನೊಂದು ತುದಿಯನ್ನು ವಿಮಾನಕ್ಕೇ ಕಟ್ಟಿರುತ್ತಾರೆ. ಸುಮಾರು 3,500 ಅಡಿಯಿಂದ ಜಿಗಿದೊಡನೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಲವೆಡೆ ಪಟ್ಟಿಯ ಬದಲು ತರಬೇತುದಾರರೇ, ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಸೆಳೆಪ್ಯಾರಾಚೂಟನ್ನು ಕೈಯಲ್ಲಿ ಹಿಡಿದು ಬಿಡುತ್ತಾರೆ. ಒಂದೊಂದು ಜಿಗಿತಕ್ಕೂ ಕಡಿಮೆ ಖರ್ಚು, ಏಕೆಂದರೆ ವಿಮಾನ ಹೆಚ್ಚು ಮೇಲೇರಬೇಕಿಲ್ಲ, ಜೊತೆಗೆ ಯಾರೂ ಜಿಗಿಯಬೇಕಿಲ್ಲ. ಪ್ಯಾರಾಚೂಟ್ ನಡೆಸುವುದರಲ್ಲಿ ಮೊದಲಿಗೇ ಕೈ ಪಳಗುತ್ತದೆ. ಮುಕ್ತಪತನ ಮಾತ್ರ ಐದು ಸೆಕೆಂಡು, ಹತ್ತು ಸೆಕೆಂಡು ಎಂದು ನಿಧಾನವಾಗಿ ಬೆಳೆಯುತ್ತದೆ.

ಕೇಂದ್ರ ಮನೆಗೆ ಹತ್ತಿರವಿದ್ದು, ವಾರಾಂತ್ಯಗಳಲ್ಲಿ ತಪ್ಪದೆ ಹೋಗಬಲ್ಲವರಿಗೆ ಸ್ಟ್ಯಾಟಿಕ್ ಲೈನ್ ನಿಜಕ್ಕೂ ಉಳಿತಾಯದ ದಾರಿ. ದೂರದಿಂದ ಹೋಗಿ, ರಜೆ ಹಾಕಿ, ಬಾಡಿಗೆ ಕೋಣೆಯಲ್ಲಿದ್ದು ಕಲಿಯುವವರಿಗೆ ಎಎಫ್ಎಫ್ ಒಟ್ಟಾರೆ ಅಗ್ಗವಾಗಬಹುದು. ದರಪಟ್ಟಿಯ ಮೊದಲ ಸಾಲನ್ನಷ್ಟೇ ನೋಡಿ ತೀರ್ಮಾನಿಸಬೇಡಿ.

4. ಒಂದು ಜಿಗಿತದ ಲೆಕ್ಕವಲ್ಲ, ಇಡೀ ಪರವಾನಗಿಯ ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಹಂತಗಳೆಲ್ಲ ಮುಗಿದರೆ ಪರವಾನಗಿ ಸಿಕ್ಕಿತು ಎಂದುಕೊಳ್ಳುತ್ತಾರೆ. ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎಯ ಮೊದಲ ದರ್ಜೆಯ ಎ ಪರವಾನಗಿಗೆ ಕನಿಷ್ಠ 25 ಜಿಗಿತಗಳು ಬೇಕು. ಅವುಗಳಲ್ಲಿ ಐದು ಇತರರೊಂದಿಗೆ ಸೇರಿ ಮಾಡಿದ ಮುಕ್ತಪತನಗಳಾಗಿರಬೇಕು, ಐದರಲ್ಲಿ ಗುರಿಯ 20 ಮೀಟರ್ ಒಳಗೆ ಇಳಿದಿರಬೇಕು. ಬೇರೆ ದೇಶಗಳ ಸಂಘಗಳು ತಮ್ಮದೇ ಸಂಖ್ಯೆ ಇಟ್ಟುಕೊಂಡಿವೆ. ಹೇಗಿದ್ದರೂ ಎಎಫ್ಎಫ್ ಮುಗಿದ ಮೇಲೆ ಇನ್ನೂ ದೂರ ಸಾಗಬೇಕಿರುತ್ತದೆ.

ಕಾಗದ ತೆಗೆದುಕೊಂಡು ಇವನ್ನು ಬರೆಯಿರಿ: ನೆಲದ ಪಾಠ, ಪ್ರತಿ ಹಂತದ ಶುಲ್ಕ, ಉಳಿದ ಜಿಗಿತಗಳ ಟಿಕೆಟ್, ಉಪಕರಣದ ಬಾಡಿಗೆ, ಪ್ಯಾರಾಚೂಟ್ ಮಡಚುವವರ ಕೂಲಿ, ಜೊತೆಗೆ ಜಿಗಿಯುವ ಕೋಚ್‌ನ ಶುಲ್ಕ, ಸಂಘದ ಸದಸ್ಯತ್ವ, ಪರವಾನಗಿ ಶುಲ್ಕ, ಪ್ರಯಾಣ, ವಸತಿ, ಊಟ. ಇದರ ಮೇಲೆ ಎರಡು ಹಂತ ಮತ್ತೆ ಮಾಡಬೇಕಾದೀತು ಎಂದು ಹಣ ಸೇರಿಸಿ. ಮೊದಲ ಪ್ರಯತ್ನದಲ್ಲಿ ತೇರ್ಗಡೆಯಾಗದಿರುವುದು ಸಾಮಾನ್ಯ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೋಡ, ಮಳೆ, ಗಾಳಿಯಿಂದ ಸುಮ್ಮನೆ ಕೂರುವ ದಿನಗಳ ಖರ್ಚನ್ನೂ ಬರೆಯಿರಿ. ಆರು ದಿನದ ರಜೆಯಲ್ಲಿ ಎರಡು ದಿನ ಹಾಗೆ ಹೋದರೆ ಆಶ್ಚರ್ಯವಿಲ್ಲ. ಪ್ರವಾಸಿ ವಿಮೆಗಳಲ್ಲಿ ಹೆಚ್ಚಿನವು ಸ್ಕೈಡೈವಿಂಗ್ ಅಪಘಾತಕ್ಕೆ ಅನ್ವಯಿಸುವುದಿಲ್ಲ, ಆದ್ದರಿಂದ ಪ್ರತ್ಯೇಕ ವಿಮೆಗೂ ಒಂದು ಸಾಲು ಇರಲಿ.

ಬಂದ ಮೊತ್ತ ಪೂರ್ತಿ ಕೈಗೆ ಬರುವವರೆಗೆ ಕಾಯಿರಿ. ಸಂಬಳ ಬಂದಾಗಲೊಂದು ಜಿಗಿತ ಎಂದು ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಾರು ಮಂದಿಯಲ್ಲಿ ಕಂಡಿದ್ದೇನೆ. ಒಂದು ತಿಂಗಳ ಅಂತರದಲ್ಲಿ ದೇಹ ಕಲಿತದ್ದನ್ನು ಮರೆಯುತ್ತದೆ. ಯುಎಸ್‌ಪಿಎ ಶಿಫಾರಸಿನ ಪ್ರಕಾರ 30 ದಿನ ಜಿಗಿಯದೆ ಇದ್ದ ವಿದ್ಯಾರ್ಥಿ ಮತ್ತೆ ತರಬೇತುದಾರರ ಕೈಕೆಳಗೆ ಪುನರಭ್ಯಾಸ ಮಾಡಬೇಕು, ಅದಕ್ಕೂ ಹಣ ಕಟ್ಟಬೇಕು. ಆರು ತಿಂಗಳು ಕೂಡಿಟ್ಟು ಮೂರು ವಾರಗಳಲ್ಲಿ ಮುಗಿಸುವವರು, ಒಂದು ವರ್ಷ ಎಳೆಯುವವರಿಗಿಂತ ಕಡಿಮೆ ಖರ್ಚಿನಲ್ಲಿ ಪರವಾನಗಿ ಪಡೆಯುತ್ತಾರೆ, ಚೆನ್ನಾಗಿಯೂ ಹಾರುತ್ತಾರೆ.

ಪರವಾನಗಿವರೆಗಿನ ಪೂರ್ಣ ಪ್ಯಾಕೇಜ್ ಬಿಡಿ ದರಕ್ಕಿಂತ ಅಗ್ಗವಿರುತ್ತದೆ. ಆದರೆ ಹಣ ಕಟ್ಟುವ ಮುನ್ನ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಮತ್ತೆ ಮಾಡಬೇಕಾದ ಹಂತಕ್ಕೆ ಎಷ್ಟು, ಹವಾಮಾನ ಕೆಟ್ಟರೆ ಉಳಿದ ಜಿಗಿತಗಳು ಎಲ್ಲಿಯವರೆಗೆ ಸಲ್ಲುತ್ತವೆ, ನಡುವೆ ಬಿಟ್ಟರೆ ಎಷ್ಟು ಹಿಂದಿರುಗುತ್ತದೆ.

5. ಕೇಂದ್ರವನ್ನು ಕಣ್ಣಾರೆ ನೋಡಿ

ಜಿಗಿತ ಕೇಂದ್ರಕ್ಕೆ ಡ್ರಾಪ್ ಝೋನ್ ಎನ್ನುತ್ತಾರೆ. ಸೇರುವ ಮುನ್ನ ಒಂದು ಶನಿವಾರ ಸುಮ್ಮನೆ ಹೋಗಿ ಕುಳಿತು ನೋಡಿ, ಅದಕ್ಕೆ ದುಡ್ಡಿಲ್ಲ. ಅದು ರಾಷ್ಟ್ರೀಯ ಸಂಘದ ಮಾನ್ಯತೆ ಪಡೆದಿದೆಯೇ, ತರಬೇತುದಾರರ ಅರ್ಹತಾಪತ್ರ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಹಣ ಕಟ್ಟಬೇಡಿ. ವಿಮಾನ ಹತ್ತುವ ಮುನ್ನ ಒಬ್ಬರ ಉಪಕರಣವನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆಯೇ? ಗಾಳಿ ಹೆಚ್ಚಾದಾಗ ವಿದ್ಯಾರ್ಥಿಗಳನ್ನು ನಿಲ್ಲಿಸುತ್ತಾರೆಯೇ? ಯುಎಸ್‌ಪಿಎ ವಿದ್ಯಾರ್ಥಿಗಳಿಗೆ ಇಟ್ಟಿರುವ ಮಿತಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಗಾಳಿ. "ಇವತ್ತು ಗಾಳಿ ಜಾಸ್ತಿ, ನಾಳೆ ಬನ್ನಿ" ಎನ್ನುವ ಕೇಂದ್ರ ನಿಮ್ಮ ಒಂದು ದಿನವನ್ನು ಕಳೆಯಬಹುದು, ಆದರೆ ಕಾಲು ಮುರಿಯದಂತೆ ಕಾಯುತ್ತದೆ.

6. ನೆಲದ ಪಾಠವನ್ನು ಪೂರ್ತಿ ಹೀರಿಕೊಳ್ಳಿ

ಮೊದಲ ಜಿಗಿತದ ಮುನ್ನ ಒಂದು ದಿನದ ಪಾಠವಿರುತ್ತದೆ. ಜಿಗಿತವೊಂದನ್ನು ಮತ್ತೆ ಮಾಡುವ ಖರ್ಚನ್ನು ತಪ್ಪಿಸುವುದು ಇದೇ ದಿನ. ಮುಕ್ತಪತನದಲ್ಲಿ ಹೊಟ್ಟೆ ಕೆಳಗಾಗಿ ಬೀಳುವ ದೇಹದ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್, ಸಾವಿರ ಅಡಿ ಇಳಿಯಲು ಐದೂವರೆ ಸೆಕೆಂಡು ಸಾಕು. ಅಲ್ಲಿ ಯೋಚಿಸಿ ನಿರ್ಧರಿಸಲು ಸಮಯವಿಲ್ಲ. ಕೈಗಳು ನೆಲದ ಮೇಲೇ ಕಲಿತಿರಬೇಕು.

ಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ. ಸೊಂಟವನ್ನು ನೆಲಕ್ಕೊತ್ತಿ, ಎದೆ ಮತ್ತು ತೊಡೆಗಳನ್ನು ತುಸು ಎತ್ತಿ, ಬಿಲ್ಲಿನಂತೆ ಬಾಗಿ. ಗಾಳಿಯಲ್ಲಿ ನಿಮ್ಮನ್ನು ಸ್ಥಿರವಾಗಿಡುವುದು ಈ ಭಂಗಿ. ಹೊಸಬರೆಲ್ಲರೂ ಮಾಡುವ ತಪ್ಪೆಂದರೆ ಹೆದರಿ ದೇಹವನ್ನು ಸೆಟೆದುಕೊಳ್ಳುವುದು. ಸೆಟೆದ ದೇಹ ಮೇಜಿನಂತೆ ತೂಗಾಡುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಅದೇ ಭಂಗಿಯಲ್ಲಿ ಬಲಗೈಯನ್ನು ಬೆನ್ನುಚೀಲದ ಕೆಳಮೂಲೆಗೆ ಒಯ್ಯಿರಿ, ಮುಖ್ಯ ಪ್ಯಾರಾಚೂಟ್ ತೆರೆಯುವ ಹಿಡಿ ಸಾಮಾನ್ಯವಾಗಿ ಅಲ್ಲಿರುತ್ತದೆ. ಎದೆಯ ಬಲಬದಿಯದು ಕೆಟ್ಟ ಮುಖ್ಯ ಪ್ಯಾರಾಚೂಟನ್ನು ಕಳಚುವ ಹಿಡಿ. ಎಡಬದಿಯದು ಮೀಸಲು ಪ್ಯಾರಾಚೂಟಿನ ಹಿಡಿ. ಮೊದಲು ಬಲ, ಆಮೇಲೆ ಎಡ. ದಿನಕ್ಕೆ ಇಪ್ಪತ್ತು ಬಾರಿ ಮಾಡಿ, ನಿದ್ದೆಗಣ್ಣಿನಲ್ಲಿ ಕೇಳಿದರೂ ಕೈ ಅಲ್ಲಿಗೇ ಹೋಗಬೇಕು. ಹಿಡಿಗಳ ಜಾಗ ಕೆಲವು ಉಪಕರಣಗಳಲ್ಲಿ ಬೇರೆ ಇರುವುದುಂಟು, ಆದ್ದರಿಂದ ನಿಮ್ಮ ತರಬೇತುದಾರರು ತೋರಿಸಿದ್ದೇ ಅಂತಿಮ.

ಎತ್ತರಗಳನ್ನು ಬಾಯಿಪಾಠ ಮಾಡಿ. ಎಎಫ್ಎಫ್ ವಿದ್ಯಾರ್ಥಿಗಳು ಸಾಮಾನ್ಯವಾಗಿ 5,500 ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟ್ ತೆರೆಯುತ್ತಾರೆ. ತೆರೆದ ಕೂಡಲೇ ತಲೆಯೆತ್ತಿ ಮೂರು ಪ್ರಶ್ನೆ: ಚೌಕವಾಗಿದೆಯೇ, ಸ್ಥಿರವಾಗಿದೆಯೇ, ಹೇಳಿದಂತೆ ತಿರುಗುತ್ತದೆಯೇ? ಮೂರರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದು ಸರಿಪಡಿಸಲಾಗದಿದ್ದರೆ, 2,500 ಅಡಿಯೊಳಗೆ ತೀರ್ಮಾನವಾಗಿರಬೇಕು, ಕಳಚಿ ಮೀಸಲನ್ನು ತೆರೆಯಬೇಕು. ಇನ್ನೊಂದು ಕ್ಷಣ ನೋಡೋಣ ಎಂಬ ಆಸೆಯೇ ಇಲ್ಲಿನ ದೊಡ್ಡ ಅಪಾಯ. ಎಎಡಿ ಎಂಬ ಪುಟ್ಟ ಯಂತ್ರವೂ ಚೀಲದೊಳಗಿರುತ್ತದೆ. ತೀರಾ ಕೆಳಗೆ ಬಂದರೂ ವೇಗ ತಗ್ಗದಿದ್ದರೆ ಮೀಸಲನ್ನು ಅದು ತಾನಾಗಿ ತೆರೆಯುತ್ತದೆ. ಅದು ಕೊನೆಯ ಆಸರೆ, ಅದನ್ನು ನಂಬಿ ಕೂರುವಂತಿಲ್ಲ.

ಇಳಿಯುವ ಪಾಠಕ್ಕೆ ಇನ್ನೂ ಹೆಚ್ಚು ಗಮನ ಕೊಡಿ. ಪ್ಯಾರಾಚೂಟ್ ತೆರೆಯದೆ ಸಾಯುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಆದರೆ ಬಹಳಷ್ಟು ಅಪಘಾತಗಳು ಸರಿಯಾಗಿ ತೆರೆದ ಪ್ಯಾರಾಚೂಟಿನ ಕೆಳಗೇ ಆಗುತ್ತವೆ, ಅದರಲ್ಲೂ ನೆಲದ ಹತ್ತಿರ ಥಟ್ಟನೆ ತಿರುಗಿಸುವುದರಿಂದ. ತಿರುಗುವಾಗ ಪ್ಯಾರಾಚೂಟ್ ಮೂಗು ತಗ್ಗಿಸಿ ವೇಗವಾಗಿ ಕೆಳಗೆ ನುಗ್ಗುತ್ತದೆ. ಗಾಳಿಗೆ ಎದುರಾಗಿ ಇಳಿಯಬೇಕೆಂದು ಹೇಳಿಕೊಟ್ಟಿರುತ್ತಾರೆ, ನಿಜ. ಆದರೆ ಕೆಳಗೆ ಬಂದ ಮೇಲೆ ದಿಕ್ಕು ತಪ್ಪಿದೆ ಎಂದು ತಿಳಿದರೆ, ಪ್ಯಾರಾಚೂಟನ್ನು ನೇರವಾಗಿಟ್ಟು ಗಾಳಿಯ ಜೊತೆಗೇ ಇಳಿಯಿರಿ, ಉರುಳಿದರೂ ಸರಿ. ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರದಲ್ಲಿ, ಪ್ಯಾರಾಚೂಟನ್ನು ತಿರುಗಿಸುವ ಎರಡೂ ಸ್ಟೀರಿಂಗ್ ಹಿಡಿಗಳನ್ನು ಸಮನಾಗಿ ಕೆಳಗೆಳೆದು ವೇಗ ತಗ್ಗಿಸುವುದಕ್ಕೆ ಫ್ಲೇರ್ ಎನ್ನುತ್ತಾರೆ. ಹೊಸಬರು ಕಾಲಡಿ ನೋಡುತ್ತಾರೆ, ನೆಲ ಮೇಲೇರಿ ಬಂದಂತೆ ಕಾಣುತ್ತದೆ, ಬೇಗ ಎಳೆದುಬಿಡುತ್ತಾರೆ. ದೃಷ್ಟಿ ಮುಂದಕ್ಕಿರಲಿ. ಬೇಗ ಎಳೆದಿದ್ದರೆ ಹಿಡಿಗಳನ್ನು ಅಲ್ಲೇ ಹಿಡಿದಿರಿ, ಮತ್ತೆ ಮೇಲಕ್ಕೆ ಬಿಡಬೇಡಿ. ಪಾದ, ಮಂಡಿ ಜೋಡಿಸಿ ಪಕ್ಕಕ್ಕೆ ಉರುಳಿ.

7. ಗಾಳಿ ಸುರಂಗ ಬೇಕೇ?

ಕೆಳಗಿನಿಂದ ಜೋರಾಗಿ ಗಾಳಿ ಬೀಸುವ ಗೋಪುರದಲ್ಲಿ ತೇಲುತ್ತಾ ಮುಕ್ತಪತನ ಅಭ್ಯಾಸ ಮಾಡುವ ಸೌಲಭ್ಯ ಇದು. ಒಂದು ಜಿಗಿತದಲ್ಲಿ ಸಿಗುವ ಮುಕ್ತಪತನ ಸುಮಾರು ಒಂದು ನಿಮಿಷ. ಹತ್ತು ನಿಮಿಷದ ಸುರಂಗವೆಂದರೆ ಹತ್ತು ಜಿಗಿತಗಳ ಅಭ್ಯಾಸ. ಎಎಫ್ಎಫ್‌ಗೆ ಮುನ್ನ ಹತ್ತು ಹದಿನೈದು ನಿಮಿಷ, ಕೋಚ್ ಜೊತೆಗೆ, ಒಂದೆರಡು ಹಂತ ಮರುಕಳಿಸುವುದನ್ನು ತಪ್ಪಿಸಬಲ್ಲದು. ಅದಕ್ಕಿಂತ ಹೆಚ್ಚು ಆರಂಭದಲ್ಲಿ ಬೇಡ. ಪ್ಯಾರಾಚೂಟ್ ನಡೆಸುವುದನ್ನು ಸುರಂಗ ಕಲಿಸುವುದಿಲ್ಲ.

8. ಮಡಚುವುದನ್ನು ಬೇಗ ಕಲಿಯಿರಿ

ಪ್ರತಿ ಜಿಗಿತದ ನಂತರ ಪ್ಯಾರಾಚೂಟನ್ನು ಮಡಚಿ ಚೀಲಕ್ಕೆ ತುಂಬಬೇಕು. ಕೂಲಿ ಕೊಟ್ಟು ಮಾಡಿಸಿದರೆ ಅದು ಸಣ್ಣ ಮೊತ್ತ, ನಿಜ. ಆದರೆ ಹತ್ತು ಬಾರಿ ಕೊಟ್ಟ ಮೊತ್ತದಲ್ಲಿ ಒಂದೆರಡು ಜಿಗಿತಗಳೇ ಸಿಗುತ್ತಿದ್ದವು. ಪರವಾನಗಿಗೆ ಹೇಗೂ ಕಲಿಯಲೇಬೇಕಾದದ್ದು ಇದು. ಮಳೆ ಬಂದು ವಿಮಾನ ನಿಂತ ದಿನ ಹಳಬರೊಬ್ಬರ ಪಕ್ಕ ಕುಳಿತು ಕಲಿಸಿಕೊಡಿ ಎಂದು ಕೇಳಿ, ಹೆಚ್ಚಿನವರು ಸಂತೋಷದಿಂದ ಹೇಳಿಕೊಡುತ್ತಾರೆ.

ಹೊಸ ಬಟ್ಟೆಯ ಪ್ಯಾರಾಚೂಟ್ ಸಾಬೂನಿನಂತೆ ಜಾರುತ್ತದೆ. ಒಂದು ಬದಿಯ ಗಾಳಿ ಹೊರದಬ್ಬುವಷ್ಟರಲ್ಲಿ ಇನ್ನೊಂದು ಬದಿ ಉಬ್ಬುತ್ತದೆ. ಮೊದಲ ಸಲ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು, ಬೆವರು ಇಳಿಯುತ್ತದೆ. ಮಂಡಿಯೂರಿ, ದೇಹದ ಭಾರ ಹಾಕಿ, ಅಂಚಿನಿಂದ ಅಂಚಿಗೆ ನಿಧಾನವಾಗಿ ಒತ್ತುವುದೇ ಉಪಾಯ. ಎಷ್ಟೇ ಅವಸರವಿದ್ದರೂ ಮೂರನ್ನು ಬಿಡಬೇಡಿ: ತಲೆಯಿಂದ ಬುಡದವರೆಗೆ ಹಗ್ಗಗಳು ಸಿಕ್ಕಿಲ್ಲದೆ ನೇರವಾಗಿರುವುದು, ಸ್ಲೈಡರ್ ಎಂಬ ಚೌಕ ಬಟ್ಟೆ ಹಗ್ಗಗಳ ಮೇಲ್ತುದಿಯವರೆಗೆ ಏರಿರುವುದು, ಸ್ಟೀರಿಂಗ್ ಹಿಡಿಗಳು ತಮ್ಮ ಜಾಗದಲ್ಲಿ ಸಿಕ್ಕಿಸಿರುವುದು. ಸ್ಲೈಡರ್ ಮೇಲಿರದಿದ್ದರೆ ಪ್ಯಾರಾಚೂಟ್ ಒಮ್ಮೆಲೇ ಸಿಡಿದು ತೆರೆಯುತ್ತದೆ, ಕತ್ತು ಬೆನ್ನುಗಳಿಗೆ ಏಟಾಗುತ್ತದೆ. ಮೀಸಲು ಪ್ಯಾರಾಚೂಟನ್ನು ಮಾತ್ರ ನೀವು ಮುಟ್ಟುವಂತಿಲ್ಲ. ಅದನ್ನು ಮಡಚುವುದು ರಿಗ್ಗರ್ ಎಂಬ ಪರವಾನಗಿ ಪಡೆದ ತಂತ್ರಜ್ಞರ ಕೆಲಸ. ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ ಮತ್ತೆ ಮಡಚಬೇಕೆಂಬ ನಿಯಮವಿದೆ.

9. ಉಪಕರಣ: ಯಾವಾಗ, ಯಾವುದು

ಕಲಿಕೆಯಲ್ಲಿರುವಾಗ ಬಾಡಿಗೆಯದೇ ಸಾಕು. ಕನ್ನಡಕ, ಹೆಲ್ಮೆಟ್, ಎತ್ತರ ತೋರಿಸುವ ಆಲ್ಟಿಮೀಟರ್ ಇಷ್ಟನ್ನು ಮಾತ್ರ ಸ್ವಂತಕ್ಕೆ ಕೊಳ್ಳಬಹುದು. ಮುಳ್ಳಿನ ಆಲ್ಟಿಮೀಟರ್ ಡಿಜಿಟಲ್‌ಗಿಂತ ಅಗ್ಗ, ಒಂದು ನೋಟಕ್ಕೆ ಓದಲು ಸುಲಭ. ಬಣ್ಣದ ಜಂಪ್‌ಸೂಟ್ ಒಂದು ವರ್ಷ ಕಾಯಲಿ.

ಇಡೀ ರಿಗ್ ಎಂದರೆ ಮೈಗೆ ಬಿಗಿಯುವ ಪಟ್ಟಿಗಳ (ಹಾರ್ನೆಸ್) ಸಹಿತದ ಬೆನ್ನುಚೀಲ, ಮುಖ್ಯ ಪ್ಯಾರಾಚೂಟ್, ಮೀಸಲು, ಎಎಡಿ. ಪರವಾನಗಿಗೆ ಮುನ್ನ ಇದನ್ನು ಕೊಳ್ಳಬೇಡಿ. ವಿದ್ಯಾರ್ಥಿಯ ದೊಡ್ಡ ಪ್ಯಾರಾಚೂಟಿನಿಂದ ಒಂದೆರಡು ಅಳತೆ ಕೆಳಗಿಳಿದ ಮೇಲೆಯೇ ನಿಮಗೆ ಹೊಂದುವುದು ಯಾವುದೆಂದು ತಿಳಿಯುವುದು. ಇದಕ್ಕೊಂದು ಸರಳ ಲೆಕ್ಕವಿದೆ, ವಿಂಗ್ ಲೋಡಿಂಗ್ ಎನ್ನುತ್ತಾರೆ. ಬಟ್ಟೆ, ಉಪಕರಣ ಸಹಿತ ನಿಮ್ಮ ತೂಕವನ್ನು ಪೌಂಡಿನಲ್ಲಿ ಬರೆದು ಪ್ಯಾರಾಚೂಟಿನ ಚದರಡಿಯಿಂದ ಭಾಗಿಸಿ. 68 ಕಿಲೋ ತೂಗುವವರು 12 ಕಿಲೋ ಉಪಕರಣ ಹೊತ್ತರೆ 80 ಕಿಲೋ, ಅಂದರೆ ಸುಮಾರು 176 ಪೌಂಡ್. 200 ಚದರಡಿಯ ಪ್ಯಾರಾಚೂಟಿಗೆ 0.88 ಬರುತ್ತದೆ. ಹೊಸಬರು 1ನ್ನು ದಾಟಬಾರದು. ಚಿಕ್ಕ ಪ್ಯಾರಾಚೂಟ್ ಅಗ್ಗಕ್ಕೆ ಸಿಗುತ್ತಿದೆ, ಮುಂದೆ ಹೇಗೂ ಬೇಕಾಗುತ್ತದೆ ಎಂದು ಮಾರುವವರು ಹೇಳುವುದುಂಟು. ಆ ಮಾತಿಗೆ ಮರುಳಾದವರು ಆಸ್ಪತ್ರೆಗೆ ಕಟ್ಟುವ ಹಣದಲ್ಲಿ ಹೊಸದನ್ನೇ ಕೊಳ್ಳಬಹುದಿತ್ತು.

ಬಳಸಿದ ಉಪಕರಣ ಕೊಳ್ಳುವುದು ತಪ್ಪಲ್ಲ, ಹೆಚ್ಚಿನವರ ಮೊದಲ ರಿಗ್ ಹಾಗೆಯೇ ಬರುತ್ತದೆ. ಆದರೆ ನಿಮ್ಮದೇ ರಿಗ್ಗರ್ ಬಿಚ್ಚಿ ನೋಡುವವರೆಗೆ ಹಣ ಪೂರ್ತಿ ಕೈದಾಟಬಾರದು. ಕೇಳಬೇಕಾದ್ದು: ಪ್ಯಾರಾಚೂಟ್ ಎಷ್ಟು ಜಿಗಿತ ಕಂಡಿದೆ? ಹಗ್ಗಗಳನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ? ಕೆಲವು ನೂರು ಜಿಗಿತಗಳ ಮೇಲೆ ಅವು ಸವೆಯುತ್ತವೆ, ಕೆಲವು ಬಗೆಯವು ಉಜ್ಜಾಟದ ಬಿಸಿಗೆ ಕುಗ್ಗಿ ಅಳತೆ ಕೆಡುತ್ತದೆ, ಬದಲಿಸಲು ದೊಡ್ಡ ಮೊತ್ತವೇ ಬೇಕು. ಎಎಡಿಯ ಆಯುಷ್ಯ ಎಂದು ಮುಗಿಯುತ್ತದೆ? ಅಗ್ಗವೆಂದು ಕೊಂಡ ರಿಗ್‌ನಲ್ಲಿ ಮುಂದಿನ ವರ್ಷವೇ ಎಎಡಿ ಅವಧಿ ಮುಗಿಯುವುದಿದ್ದರೆ ಅದು ಅಗ್ಗವಲ್ಲ. ಹಾರ್ನೆಸ್ ನಿಮ್ಮ ಮೈಗೆ ಕೂರುತ್ತದೆಯೇ ಎಂದು ಧರಿಸಿಯೇ ನೋಡಿ. ಸಡಿಲವಾದ ಹಾರ್ನೆಸ್‌ನಲ್ಲಿ ಹಿಡಿಗಳು ಇದ್ದಲ್ಲಿ ಇರುವುದಿಲ್ಲ.

ಭುಜದ ಬಳಿ ಮೂರು ಲೋಹದ ಬಳೆಗಳನ್ನು ಗಮನಿಸಿ. 1970ರ ದಶಕದಲ್ಲಿ ಬಿಲ್ ಬೂತ್ ರೂಪಿಸಿದ ವ್ಯವಸ್ಥೆ ಇದು. ದೊಡ್ಡ ಬಳೆಯೊಳಗೆ ನಡುವಿನದು, ಅದರೊಳಗೆ ಚಿಕ್ಕದು, ಕೊನೆಗೆ ಒಂದು ದಾರದ ಕುಣಿಕೆ, ಅದರೊಳಗೆ ಹಳದಿ ತಂತಿ. ಮನುಷ್ಯನ ಭಾರವೆಲ್ಲ ಹಂತಹಂತವಾಗಿ ಕುಗ್ಗಿ ಆ ತೆಳು ಕುಣಿಕೆಗೆ ಅತ್ಯಲ್ಪವಾಗಿ ತಲುಪುತ್ತದೆ, ಆದ್ದರಿಂದಲೇ ಕಳಚುವ ಹಿಡಿ ಎಳೆದರೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಬಾಡಿಗೆಯದಾಗಲಿ ಸ್ವಂತದ್ದಾಗಲಿ, ಪ್ರತಿ ಜಿಗಿತಕ್ಕೆ ಮುನ್ನ ಈ ಬಳೆಗಳು ಒಂದರೊಳಗೊಂದು ಸರಿಯಾಗಿ ಕೂತಿವೆಯೇ ಎಂದು ಬೆರಳಿಟ್ಟು ನೋಡಿ.

10. ಪರವಾನಗಿ ಬಂದ ಮೇಲೆ

ಈಗ ಖರ್ಚು ಇಳಿಯುತ್ತದೆ. ಟಿಕೆಟ್ ನಿಮ್ಮೊಬ್ಬರದು, ಮಡಚುವ ಕೈ ನಿಮ್ಮದು. ಜಿಗಿತದ ನಂತರ ಹಳಬರ ವಿಡಿಯೊ ನೋಡುತ್ತಾ ಕುಳಿತರೆ ಹಣವಿಲ್ಲದೆ ಬಹಳ ಕಲಿಯಬಹುದು. ಬಿಡುವಿನ ವೇಳೆ ಪ್ಯಾರಾಚೂಟ್ ಮಡಚಿಕೊಟ್ಟು, ಕಚೇರಿ ಕೆಲಸಕ್ಕೆ ನೆರವಾಗಿ ಅದಕ್ಕೆ ಬದಲಾಗಿ ಟಿಕೆಟ್ ಪಡೆಯುವವರೂ ಇದ್ದಾರೆ. ಕೇಂದ್ರದವರನ್ನು ಸಂಕೋಚವಿಲ್ಲದೆ ಕೇಳಿ.

ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟುವ ಆತುರ ಬೇಡ. 200 ಜಿಗಿತಗಳಾಗುವವರೆಗೆ ಅದನ್ನು ಬಳಸಬೇಡಿ ಎಂದು ಯುಎಸ್‌ಪಿಎ ಸಲಹೆ ನೀಡುತ್ತದೆ. ಅದು ಹಗ್ಗಗಳಿಗೆ ಸಿಕ್ಕಿಕೊಳ್ಳಬಹುದು, ಅದಕ್ಕಿಂತ ಮುಖ್ಯವಾಗಿ ಆಲ್ಟಿಮೀಟರಿನ ಮೇಲಿರಬೇಕಾದ ಗಮನವನ್ನು ಕಸಿಯುತ್ತದೆ. ಬಾವಲಿಯಂತೆ ರೆಕ್ಕೆ ಬಿಚ್ಚುವ ವಿಂಗ್‌ಸೂಟಿಗೂ ಅಲ್ಲಿ ಕನಿಷ್ಠ 200 ಜಿಗಿತಗಳ ಅನುಭವ ಬೇಕು.

ಎ ಪರವಾನಗಿ ಇದ್ದವರು 60 ದಿನ ಜಿಗಿಯದೆ ಇದ್ದರೆ, ಯುಎಸ್‌ಪಿಎ ಶಿಫಾರಸಿನಂತೆ ಮತ್ತೆ ಕೋಚ್ ಅಥವಾ ತರಬೇತುದಾರರ ಜೊತೆಗೇ ಮೊದಲ ಜಿಗಿತ ಮಾಡಬೇಕು. ಆದ್ದರಿಂದ ವರ್ಷದ ಹಣವನ್ನು ಒಂದೇ ವಾರಾಂತ್ಯದಲ್ಲಿ ಮುಗಿಸದೆ ತಿಂಗಳಿಗೆ ಎರಡು ಮೂರು ಜಿಗಿತಗಳಂತೆ ಹಂಚಿಕೊಳ್ಳಿ. ಮಳೆಗಾಲ ಶುರುವಾಗುವ ಮುನ್ನ ಒಂದು, ಮುಗಿದ ವಾರದಲ್ಲೇ ಇನ್ನೊಂದು ಟಿಕೆಟ್ ಕಾದಿರಿಸಿಡಿ.